ನಿಂಗಿಯ ಅಕ್ಕಿ

ಬೆನ್ನು ತುರಿಸಿಕೊಳ್ಳುತ್ತಿದ್ದಾನಲ್ಲ ಆ ಮನುಷ್ಯ, ಮುಂದಿನ ಸೀಟಿನವನು, ಕತ್ತಿನ ಹಿಂದಿನಿಂದ ಅಂಗಿಯೊಳಕ್ಕೆ ಪುಸ್ತಕವೊಂದನ್ನು ಇಳಿಬಿಟ್ಟು, ಎಡಕ್ಕೊಂದು ಸಲ ಬಲಕ್ಕೊಂದು ಸಲ, ಹಾಯಾಗಿ ಕಣ್ಣು ಮುಚ್ಚಿಕೊಂಡು — ಸುರುಳಿ ಸುತ್ತಿದ ಆ ಪುಸ್ತಕದ ತುದಿಯಲ್ಲಿ ಹಸಿರು ಬುಗುರಿಯ ಮೊಳೆ ಕಾಣಿಸಿತು, ಹೌದು ಅದೇ, ಬಾಲಬುಗುರಿ ಮಾಸಪತ್ರಿಕೆ, ಈ ತಿಂಗಳದ್ದೇ, ಅಂದರೆ ತನ್ನ ಕಥೆಯಿರುವ ಒಂಬತ್ತನೆಯ ಪುಟ ಈಗ ಸರಿಯಾಗಿ ಅವನ ಎರಡು ಹೆಗಲಿನ ನಡುವೆ ಇರಬೇಕು, ರಾಚಯ್ಯನಿಗೆ ನಗು ಬಂತು, ಆರು ವರ್ಷ ಚಿತ್ರಕಥೆ ಬರೆದದ್ದಕ್ಕೆ ಒಬ್ಬನ ತುರಿಕೆಯಾದರೂ ಹೋಯಿತಲ್ಲ. ಬಸ್ಸು ಚಾಮರಾಜನಗರ ಬಿಟ್ಟು ಇನ್ನೂ ಮೂರು ಮೈಲಿ ಆಗಿಲ್ಲ, ಗುಂಡ್ಲುಪೇಟೆ ಮುಟ್ಟುವ ಹೊತ್ತಿಗೆ ಆ ಪುಟ ಬೆವರಿನಲ್ಲಿ ಕರಗಿಹೋದೀತು, ಓದಿದ್ದಾನೋ ಇಲ್ಲವೋ, ಕೇಳಿಬಿಡಲೇ, ಕೇಳಿದರೆ ಏನೆಂದುಕೊಂಡಾನು, ಕೇಳಿಯೇಬಿಟ್ಟ, ಸ್ವಾಮಿ ಅದರಲ್ಲಿ ನಿಂಗಿ ಕಥೆ ಓದಿದ್ರಾ ಎಂದು, ಆ ಮನುಷ್ಯ ತಿರುಗಿ ಒಂದು ಗಳಿಗೆ ನೋಡಿ, ನಾನೇನ್ ಓದನ ಬುಡಿ, ನಮ್ಮ ಐಕ್ಳು ಓದ್ತವೆ, ಅದ್ಯಾರೋ ನಿಂಗಿ ಅಂತೆ, ಅವ್ಳ ಅಕ್ಕಿಯ ಕದ್ಬುಟ್ರಂತೆ, ನಮ್ ಅಕ್ಕಿಯೂವಿ ರೇಷನ್ ಡಿಪೋಲಿ ಕಾಣ್ದಂಗೆ ಆಯ್ತದೆ, ಅದ ಯಾರ್ ಬರ್ದಾರು ಎಂದು ಮತ್ತೆ ತುರಿಸಿಕೊಳ್ಳತೊಡಗಿದ. ಇವನೂ ಅದನ್ನೇ ಹೇಳಿದ. ಎಲ್ಲರೂ ಅದನ್ನೇ ಹೇಳುತ್ತಾರೆ. ಮಡಿಲಲ್ಲಿರುವ ಚೀಲದಲ್ಲಿ ಮೈಸೂರಿನಿಂದ ಸಂಪಾದಕರು ಕಟ್ಟಿ ಕಳಿಸಿದ ಕಾಗದಗಳಿವೆ, ನಲವತ್ತಕ್ಕೂ ಮೇಲೆ, ಅಷ್ಟೂ ಅದೇ ಮಾತು, ಅಕ್ಕಿ ಕದ್ದವರು ಯಾರು, ಅಕ್ಕಿ ಎಲ್ಲಿ. ಆದರೆ ಅವನು ಬರೆದದ್ದು ಅಕ್ಕಿಯ ಕಥೆಯಲ್ಲ, ಹಕ್ಕಿಯ ಕಥೆ.

ಹಕ್ಕಿ, ಹಕ್ಕಿ, ಹಕ್ಕಿ — ಈಗ ಒಳಗೊಳಗೇ ಎಷ್ಟು ಸ್ಪಷ್ಟವಾಗಿ ಹೇಳಿಕೊಳ್ಳುತ್ತಾನೆ, ಬರೆಯುವಾಗ ಆ ಹಕಾರಕ್ಕೆ ಏನಾಗಿತ್ತು, ಬರೆಯುವಾಗ ಅವನು ರೇಷ್ಮೆ ಕಾರ್ಖಾನೆಯ ಗುಮಾಸ್ತನಾಗಿರಲಿಲ್ಲ, ಉಡಿಗಾಲದ ಹಟ್ಟಿಯಲ್ಲಿ ಅವ್ವನ ಪಕ್ಕ ಕೂತಿದ್ದ, ಅವ್ವ ಹಕಾರವನ್ನು ಕಂಡವಳೇ ಅಲ್ಲ. ಮೊದಲೆರಡು ಧಾರಾವಾಹಿಗಳಲ್ಲಿ ಹಕಾರಕ್ಕೇನೂ ಕೊರತೆಯಿರಲಿಲ್ಲ, ರಾಜಕುಮಾರ ಹೇ ಮಂತ್ರಿವರ್ಯ ಎನ್ನುತ್ತಿದ್ದ, ಪತ್ತೇದಾರ ಹಾ ಹಂತಕ ಎನ್ನುತ್ತಿದ್ದ, ವರ್ಷಗಳೇ ಕಳೆದರೂ ಒಂದು ಕಾರ್ಡು ಬರಲಿಲ್ಲ, ಎರಡನೆಯದನ್ನಂತೂ ಮೂರೇ ತಿಂಗಳಿಗೆ ನಿಲ್ಲಿಸಿದರು, ಪಕ್ಕದ ಮೇಜಿನ ನಾಗಯ್ಯ, ಏನ್ ರಾಚಯ್ಯ ನಿಮ್ ಪತ್ತೇದಾರನೇ ಪತ್ತೆ ಇಲ್ವಲ್ಲ ಎಂದು ತಿಂಗಳುಗಟ್ಟಲೆ ರೇಗಿಸಿದ. ಸಂಪಾದಕರು ಒಳ್ಳೆಯವರು, ಇನ್ನೊಂದು ಕೊಡಿ, ಅದೂ ಬಿದ್ದುಹೋದರೆ ಬೇರೆಯವರಿಗೆ ಪುಟ ಬಿಟ್ಟುಕೊಡಬೇಕಾದೀತು ಎಂದು ಬರೆದರು, ಬಿದ್ದುಹೋಗುವುದಾದರೆ ನನ್ನ ಮಾತಿನಲ್ಲೇ ಬೀಳಲಿ ಎಂದು ಅವನು ಹಾಳೆಯನ್ನು ಎಂಟು ಮಡಿಕೆ ಮಡಿಸಿದ, ಅವನು ಮೊದಲಿಂದಲೂ ಹಾಗೇ, ಮಡಿಸಿ ಬಿಚ್ಚಿದರೆ ಎಂಟು ಚೌಕ, ಚೌಕಾಬಾರದ ಹಾಗೆ ಅವನ್ನು ಮನೆ ಎನ್ನುತ್ತಾನೆ, ಅದಕ್ಕೇ ಚೌಕಮಣೆ ಎಂದು ಕಾವ್ಯನಾಮ, ಒಂದೊಂದು ಮನೆಯಲ್ಲಿ ಒಂದು ಗುಳ್ಳೆ, ಗುಳ್ಳೆಯೊಳಗೆ ಮಾತು, ಕೆಳಗೆ ಚಿತ್ರ ಬರೆಯುವವರಿಗೆ ಒಂದು ಸಾಲು ಸೂಚನೆ. ಮೊದಲನೆಯ ಮನೆ, ನಿಂಗಿ ಅವ್ವಾ ನನ್ ಅಕ್ಕಿ ಕಾಣೆ ಎನ್ನುತ್ತಾಳೆ, ಸೂಚನೆ — ಗೂಡು ಬರಿದು, ಅಕ್ಕಿ ಇಲ್ಲ. ಕೊನೆಯ ಮನೆ, ನಿಂಗಿಯ ಅಣ್ಣ ಅಕ್ಕಿ ಆರೋಯ್ತು ಕಣವ್ವ ಎನ್ನುತ್ತಾನೆ, ಸೂಚನೆ — ಅಣ್ಣ ಮ್ಯಾಕ್ಕೆ ಕೈ ಬೀಸ್ತಾನೆ. ಸೂಚನೆಯನ್ನಾದರೂ ಮೇಷ್ಟರ ಕನ್ನಡದಲ್ಲಿ ಬರೆಯಬಾರದಿತ್ತೇ, ಆ ಬಿಸಿಯಲ್ಲಿ ಬರೆಯಲಿಲ್ಲ, ಕೈ ಅವ್ವನ ಮಾತಿನಲ್ಲೇ ಓಡಿತು. ಚಿತ್ರ ಬರೆಯುವವರು ಧಾರವಾಡದ ಕಡೆಯವರು, ಪಾಪ, ಹಕಾರವನ್ನು ನುಂಗುವ ಜನ ಇದ್ದಾರೆಂದು ಅವರಿಗೇನು ಗೊತ್ತು, ಗೂಡು ಎಂದರೆ ಗೋಡೆಯ ಗೂಡು ಎಂದುಕೊಂಡರು, ಗೋಡೆಯೊಳಗೊಂದು ಗೂಡು ಬರೆದರು, ಅದರಲ್ಲಿ ಬರಿದಾದ ಸೇರು, ಕೆಳಗೆ ಬಾಯಿ ತೆರೆದ ಗೋಣಿಚೀಲ, ಕೊನೆಯ ಮನೆಯಲ್ಲಿ ಅಣ್ಣ ಕೈ ಬೀಸುತ್ತಾನೆ, ಅಕ್ಕಿಕಾಳು ಗಾಳಿಯಲ್ಲಿ ಹಾರುತ್ತಿವೆ. ಪತ್ರಿಕೆ ಕೈಗೆ ಬಂದ ದಿನ ಅವನು ಆ ಪುಟವನ್ನು ನೋಡಿ ಕೂತೇ ಇದ್ದ, ಅಳುವುದೋ ನಗುವುದೋ ತಿಳಿಯಲಿಲ್ಲ.

ನಕ್ಕವರು ಜನ. ಅಕ್ಕಿ ಹಾರಿಹೋಯಿತಂತೆ, ಹಾರಿಹೋಯಿತಂತೆ ಎಂದು ಎಲ್ಲ ಕಡೆ, ರೇಷನ್ ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲುವವರಿಗೆ ಅದಕ್ಕಿಂತ ಅರ್ಥವಾಗುವ ಮಾತು ಇನ್ಯಾವುದಿದೆ, ಇಂಥ ವಿಡಂಬನೆ ಕನ್ನಡದಲ್ಲಿ ಬಂದಿರಲಿಲ್ಲ, ಚೌಕಮಣೆಯವರೇ, ಕಳ್ಳನನ್ನು ಬೇಗ ಹಿಡಿಯಿರಿ, ಮೂರನೆಯ ಕಂತು ಈ ತಿಂಗಳ ಹದಿನೈದರೊಳಗೆ ನಮ್ಮ ಕೈಯಲ್ಲಿರಲಿ, ಇದು ಸಂಪಾದಕರು. ಎರಡನೆಯ ಕಂತನ್ನು ಅವನು ಮೊದಲೇ ಕಳಿಸಿಬಿಟ್ಟಿದ್ದ, ಅದರಲ್ಲಿ ನಿಂಗಿ ಊರೆಲ್ಲ ಹುಡುಕುತ್ತಾಳೆ, ಮರ ಹತ್ತಿ ಕೂಗುತ್ತಾಳೆ, ಅಕ್ಕಿಗಾಗಿ ಮರ ಏಕೆ ಹತ್ತುತ್ತಾಳೆ ಎಂದು ಒಬ್ಬರೂ ಕೇಳಲಿಲ್ಲ, ಕಳ್ಳದಾಸ್ತಾನು ಎಲ್ಲಿದೆ ಎಂದು ಎತ್ತರದಿಂದ ನೋಡುತ್ತಿದ್ದಾಳೆಂದು ತಾವೇ ತಿಳಿದುಕೊಂಡರು. ಎಂಥ ಓದುಗರಪ್ಪ ಇವರು! ಚಂದಕವಾಡಿಯ ಸೋಮಯ್ಯನವರು, ಕದ್ದವರ ಹೆಸರು ಬರೆಯುವ ಧೈರ್ಯ ಮಾಡಿ, ನಿಮ್ಮ ಹಿಂದೆ ನಾವಿದ್ದೇವೆ ಎಂದು ಬರೆದಿದ್ದಾರೆ, ಸಂತೆಮರಹಳ್ಳಿಯ ಪುಟ್ಟ ಹುಡುಗಿಯೊಬ್ಬಳು, ನಿಂಗಿಯನ್ನು ನಮ್ಮ ಮನೆಗೆ ಕಳಿಸಿ, ಅವ್ವ ಅರ್ಧ ಸೇರು ಅಕ್ಕಿ ಕೊಡುತ್ತಾಳಂತೆ ಎಂದು ಬರೆದಿದ್ದಾಳೆ, ಅದೊಂದನ್ನು ಮಾತ್ರ ಅವನು ಎರಡು ಸಲ ಓದಿದ. ಒಂದು ಸಾಲು ತಿದ್ದುಪಡಿ ಹಾಕಿಸಿದರೆ ಮುಗಿಯಿತು, ಅಕ್ಕಿ ಎಂಬಲ್ಲೆಲ್ಲ ಹಕ್ಕಿ ಎಂದು ಓದಿಕೊಳ್ಳತಕ್ಕದ್ದು, ಮುಗಿಯಿತು ನಿಂಗಿಯೂ ಮುಗಿದಳು, ಚೌಕಮಣೆಯೂ ಮುಗಿದ, ಯಾರಿಗೆ ಬೇಕು ಒಂದು ಗೊರವಂಕ. ಅಕ್ಕಿಯೆಂದೇ ಮುಂದುವರಿಸಿದರೆ ಹೆಸರು ಬರುತ್ತದೆ, ಬದುಕಿನಲ್ಲಿ ಮೊದಲ ಸಲ, ಬೇಡ ಎನ್ನಲು ಅವನೇನು ಸನ್ಯಾಸಿಯೇ. ಆದರೆ ಬರೆಯಲು ಕೂತದ್ದು ಏತಕ್ಕೆ. ಆ ಗೊರವಂಕ ನಿಂಗಿಯದ್ದಲ್ಲ, ಮಾದಿಯದ್ದು, ತಂಗಿ ಚಿಕ್ಕಮಾದಮ್ಮನದ್ದು, ಬಿದಿರಿನ ಗೂಡಿನಲ್ಲಿಟ್ಟು ಸಾಕಿದ್ದಳು, ಅವ್ವಾ ಎನ್ನುವುದನ್ನು ಕಲಿಸಿದ್ದಳು, ಅವಳಿಗೆ ಏಳು ಅವನಿಗೆ ಹನ್ನೊಂದು, ಸಂತೆಮರಹಳ್ಳಿ ಸಂತೆಯಲ್ಲಿ ಬಳೆ ಮಾರುವ ತಮಿಳಿನವನೊಬ್ಬ ಚಿತ್ರದ ಹಾಳೆ ಹರಡಿದ್ದ, ಒಂದೇ ಹಾಳೆಯಲ್ಲಿ ಎಂಟು ಚಿತ್ರ, ಮೊದಲನೆಯದರಲ್ಲಿ ರಾಜ ಬೇಟೆಗೆ ಹೊರಡುತ್ತಾನೆ ಎಂಟನೆಯದರಲ್ಲಿ ಹುಲಿ ಸಾಯುತ್ತದೆ, ನಡುವಿನ ಆರರಲ್ಲಿ ಹೊತ್ತು ಸರಿಯುತ್ತದೆ, ಚಿತ್ರದಲ್ಲಿ ಹೊತ್ತು ಸರಿಯುವುದನ್ನು ಅವನು ಅದೇ ಮೊದಲು ಕಂಡದ್ದು, ಮರುವಾರ ಗೂಡಿನಿಂದ ಗೊರವಂಕವನ್ನು ತೆಗೆದು ಅಂಗಿಯೊಳಗಿಟ್ಟುಕೊಂಡು ಹೋದ, ಕುರುವಿ ಕುಡು ತಂಬಿ, ಹಕ್ಕಿ ಕೊಡು ಎಂದ ಆ ಬಳೆಯವ, ಇವನು ಕೊಟ್ಟ, ಬದಲಿಗೆ ಹಾಳೆ ತಂದ, ಮನೆಗೆ ಬಂದು ಅಕ್ಕಿ ಆರೋಯ್ತು ಕಣವ್ವ ಎಂದ. ಆರು ವರ್ಷ ಬರೆದ ಕಥೆಗಳೆಲ್ಲ ಆ ಹಾಳೆಯಿಂದ ಬಂದವು. ಕಳ್ಳ ಯಾರು ಎಂದು ನಲವತ್ತು ಜನ ಕೇಳುತ್ತಿದ್ದಾರೆ, ಕಳ್ಳನ ಮಡಿಲಲ್ಲೇ ಕಾಗದಗಳಿವೆ. ಮೂರನೆಯ ಕಂತಿನಲ್ಲಿ ಅಣ್ಣ ತಪ್ಪೊಪ್ಪಿಕೊಳ್ಳುತ್ತಾನೆ, ಎದುರಿಗೆ ನಿಂತು ಹೇಳಲಾಗದ್ದನ್ನು ಎಂಟು ಮನೆಯಲ್ಲಿ ಹೇಳಿಬಿಡುವುದು, ಯಾರಾದರೂ ಅವಳಿಗೆ ಓದಿ ಹೇಳಿಯಾರು, ಅದೇ ಅವನ ಲೆಕ್ಕಾಚಾರವಾಗಿತ್ತು, ಈಗ ಒಪ್ಪಿಕೊಂಡರೆ ಅಕ್ಕಿ ಕದ್ದ ಅಣ್ಣನಾಗುತ್ತಾನೆ.

ತೆರಕಣಾಂಬಿ ದಾಟಿತು, ಬೆನ್ನು ತುರಿಸುವವನು ಇಳಿದುಹೋದ, ಪತ್ರಿಕೆಯನ್ನು ಜೇಬಿಗೆ ತುರುಕಿಕೊಂಡೇ ಇಳಿದ, ಬಿಸಾಡಲಿಲ್ಲ, ಅದೂ ಒಂದು ಮರ್ಯಾದೆಯೇ. ರಾಚಯ್ಯ ಚೀಲದಿಂದ ಒಂದೇ ಒಂದು ಕಾಗದ ತೆಗೆದು ಮತ್ತೆ ಓದಿದ, ಇವತ್ತು ರಜೆ ಹಾಕಿ ಬಸ್ಸು ಹತ್ತಿಸಿದ್ದು ಈ ಕಾಗದ, ಗುಂಡ್ಲುಪೇಟೆಯ ಅರಿಶಿನ ಮಂಡಿಯ ಮೇಸ್ತ್ರಿ ಮಾರಯ್ಯ ಬರೆದದ್ದು, ನಮ್ಮ ಮಂಡಿಯಲ್ಲಿ ಅರಿಶಿನ ಆರಿಸುವ ಹೆಂಗಸರಿಗೆ ಮಧ್ಯಾಹ್ನ ನಾನು ನಿಮ್ಮ ಕಥೆ ಓದಿ ಹೇಳುವುದುಂಟು, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ, ಒಬ್ಬಾಕೆ ಮಾತ್ರ ದಿನವೂ ಮೊದಲ ಕಂತನ್ನೇ ಓದಿಸುತ್ತಾಳೆ, ನಗುವುದಿಲ್ಲ, ಕಾರಣ ತಿಳಿಯದು, ನಿಮಗೇನಾದರೂ ತಿಳಿದೀತೇ. ಹೆಸರು ಬರೆದಿಲ್ಲ. ಮಾದಿ ಗುಂಡ್ಲುಪೇಟೆಗೆ ಸೇರಿ ಹದಿನೈದು ವರ್ಷ, ಅರಿಶಿನ ಮಂಡಿಗೆ ಹೋಗುತ್ತಾಳೆಂದು ಗೊತ್ತು, ಯಾವ ಮಂಡಿ ಎಂದು ಅವನು ಕೇಳಿರಲಿಲ್ಲ, ಚಿತ್ರಕಥೆ ಬರೆಯುತ್ತೇನೆಂದು ಅವಳಿಗೆ ಹೇಳಿಯೂ ಇರಲಿಲ್ಲ, ಹೇಳಿದರೆ ಹಾಳೆಯ ಮಾತು ಬರುತ್ತದೆ. ಗುಂಡ್ಲುಪೇಟೆಯಲ್ಲಿ ಇಳಿದ. ಮಂಡಿ ಬಸ್‌ ಸ್ಟ್ಯಾಂಡಿನಿಂದ ದೂರವಿರಲಿಲ್ಲ, ಮಲಯಾಳಿ ಕಾಕಾನ ಚಾ ಅಂಗಡಿಯ ಹಿಂದೆ, ಕೇರಳದ ಲಾರಿಯೊಂದು ನಿಂತಿತ್ತು, ಅದರ ಮರೆಯಲ್ಲಿ ಅವನೂ ನಿಂತ. ಅಂಗಳದ ತುಂಬ ಬೇಯಿಸಿ ಒಣಗಿಸಿದ ಅರಿಶಿನದ ಕೊಂಬು, ಇಪ್ಪತ್ತು ಇಪ್ಪತ್ತೈದು ಹೆಂಗಸರು, ನಡುವೆ ಮೂಟೆಯ ಮೇಲೆ ಕೂತ ಮಾರಯ್ಯ ಮೂಗಿನ ಮೇಲೆ ಕನ್ನಡಕ ಇಳಿಬಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದಾನೆ, ಪತ್ರಿಕೆಯ ಹೊಗಳಿಕೆಯ ಸಾಲನ್ನೂ ಬಿಡದೆ ಓದುತ್ತಾನೆ, ಹೊಸ ಹುರುಪಿನ ಹಾಸ್ಯ ಎಂದು ಅಚ್ಚಾಗಿರುವುದು ಅವನ ಬಾಯಲ್ಲಿ ಒಸ ಉರುಪಿನ ಆಸ್ಯ, ರಾಚಯ್ಯನಿಗೆ ಆಗಲೇ ಹೊಳೆದದ್ದು, ತಿದ್ದುಪಡಿ ಹಾಕಿಸಿದ್ದರೂ ಅಷ್ಟೇ, ಹಕ್ಕಿ ಎಂದು ಕೊಟ್ಟಿದ್ದರೂ ಇಲ್ಲಿ ಅಕ್ಕಿಯೇ ಆಗುತ್ತಿತ್ತು. ಹೆಂಗಸರು ಕೈಬಿಡದೆ ಕೆಲಸ ಮಾಡುತ್ತ ನಗುತ್ತಿದ್ದಾರೆ, ನಮ್ ಪಾಲಿನ ಅಕ್ಕಿಯೂ ಅಂಗೇ ಕಣಕ್ಕ ರೆಕ್ಕೆ ಬಂದ್ಬುಟ್ಟದೆ ಎಂದು ಒಬ್ಬಳು. ಚಿತ್ರ ನೋಡುವವರು ಮುಂದಿನ ಸಾಲಿನವರು ಮಾತ್ರ. ಹಿಂದಿನ ಸಾಲಿನಲ್ಲಿ, ಎಲ್ಲರಿಂದ ಕೊಂಚ ಸರಿದು, ಮಾದಿ.

ಅವಳಿಗೆ ಚಿತ್ರ ಕಾಣುತ್ತಿಲ್ಲ, ಗೋಡೆಯ ಗೂಡಿಲ್ಲ ಸೇರಿಲ್ಲ ಗೋಣಿಯಿಲ್ಲ, ಕಿವಿಗೆ ಬೀಳುವುದಷ್ಟೇ, ಅಕ್ಕಿ ಆರೋಯ್ತು ಕಣವ್ವ ಎಂದು ಮಾರಯ್ಯ ರಾಗ ಎಳೆದ, ಎಲ್ಲರೂ ಘೊಳ್ಳೆಂದರು, ಮಾದಿಯ ಕೈ ನಿಂತಿತು, ಮೊಣಕೈವರೆಗೆ ಹಳದಿಯಾದ ಕೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು, ಕತ್ತೆತ್ತಿ, ಮಂಡಿಯ ತಗಡಿನಾಚೆಗೆ ಆಕಾಶ ನೋಡಿದಳು. ಅಲ್ಲಿ ಏನೂ ಇರಲಿಲ್ಲ, ಬಿಸಿಲು ಇತ್ತು. ಅವನು ಲಾರಿಯ ಮರೆಯಿಂದ ಈಚೆ ಬಂದದ್ದು ಹೇಗೋ, ಅಯ್ಯೋ ಅಣ್ಣಯ್ಯ ಯಾವಾಗ್ ಬಂದೆ, ಅಟ್ಟೀಗ್ ಓಗನ ಬಾ, ಉಂಡ್ಯಾ ಎಂದಳು, ಉಂಡಿದೀನಿ ಎಂದ, ಲಾರಿಯ ನೆರಳಿಗೆ ಬಂದು ನಿಂತರು, ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಹಳದಿ ಹೋಗಲಿಲ್ಲ. ಆ ಕತೆ ನೀನೇ ತಾನೆ ಬರ್ಯದು ಎಂದಳು. ಯಾರಂದ್ರು ಎಂದ. ಯಾರ್ ಯಾಕಂದಾರು, ಅವ್ವನ್ ಬಯ್ಗುಳ ಅಂಗಂಗೇ ಅದೆ, ಅದ ಬ್ಯಾರೆ ಯಾರ್ ಬರ್ದಾರು. ಮಾದಿ, ಆ ಅಕ್ಕಿಯ ಅವತ್ತು, ಎಂದು ಅವನು ಶುರುಮಾಡಿದ, ಇಪ್ಪತ್ತೈದು ವರ್ಷದ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅವಳು ತಡೆದಳು. ಕದ್ದೋರ್ ಯಾರು ಅಂತ ನಂಗೊತ್ತು ಬುಡಣ್ಣಯ್ಯ, ಅವತ್ತೇ ಗೊತ್ತಿತ್ತು, ನಿನ್ ಚಾಪೆ ಅಡೀಲಿ ಬಣ್ಣದ್ ಕಾಗ್ದ ಕಂಡಿದ್ದೆ, ಅದ ಬರೀಬ್ಯಾಡ, ಅದು ಎಲ್ಗೋಯ್ತು, ಯಾರಟ್ಟಿ ಸೇರ್ಕತು, ಆಮೇಲೂ ಅವ್ವಾ ಅಂತಿತ್ತಾ, ಅದ ಬರಿ, ಅದೊಂದು ನಂಗೊತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ತನ್ನ ತಪ್ಪನ್ನು ಅದೆಷ್ಟು ಸಲ ನೆನೆದಿದ್ದಾನೆ, ಹಕ್ಕಿಯನ್ನು ಒಂದು ಸಲವೂ ನೆನೆದಿರಲಿಲ್ಲ, ನಾಚಿಕೆಯಾಯಿತು. ಗೊತ್ತಿದ್ದೂ ಈಗ ಮ್ಯಾಕ್ಕೆ ಯಾಕ್ ನೋಡ್ದೆ ಎಂದು ಕೇಳಿದ, ಕೇಳದೆ ಇರಲಾಗಲಿಲ್ಲ. ಆರೋಯ್ತು ಅಂದ್ರೆ ಇನ್ನೆಲ್ಲಿ ನೋಡ್ಲಿ ಅಣ್ಣಯ್ಯ, ಎಂದಳು.

ಈಗ ಬಸ್ಸು ವಾಪಸು ಹೊರಟಿದೆ, ಹಾಳೆ ಮಡಿಸಿ ಬಿಚ್ಚಿ ಮೊಣಕಾಲಿನ ಮೇಲಿಟ್ಟಿದ್ದಾನೆ, ಎಂಟೂ ಮನೆ ಖಾಲಿ, ಸರಿ, ಮೊದಲನೆಯ ಮನೆ, ಬಳೆಯವನು ಸಂತೆಯಿಂದ ಹೊರಟ, ಯಾವ ದಾರಿ, ಸತ್ಯಮಂಗಲದ ಕಡೆಗೇ ಇರಬೇಕು, ಗೊರವಂಕ ಬಳೆಯ ಪೆಟ್ಟಿಗೆಯ ಮೇಲೆ ಕೂತಿತ್ತೇ, ಕಾಲಿಗೆ ದಾರ ಕಟ್ಟಿದ್ದನೇ, ಘಾಟಿಯಲ್ಲಿ ಇಳಿಯುವಾಗ ಅವ್ವಾ ಎಂದಿತೇ, ತಮಿಳು ಮನೆಯಲ್ಲಿ ಅವ್ವ ಎಂದರೆ ಯಾರು ತಿರುಗಿ ನೋಡಿಯಾರು — ಇಲ್ಲ, ಮೊದಲು ಸಂಪಾದಕರಿಗೆ ಬರೆಯಬೇಕು, ಅಕ್ಕಿಯೂ ಇರಲಿ ಹಕ್ಕಿಯೂ ಇರಲಿ, ಓದುವವರು ಅದನ್ನೇ ಓದಲಿ ಕೇಳುವವರು ಇದನ್ನೇ ಕೇಳಲಿ, ಆಗುತ್ತದೆಯೇ, ಚಿತ್ರ ಬರೆಯುವವರಿಗೆ ಸೂಚನೆ ಏನೆಂದು ಕೊಡುವುದು, ಹದಿನೈದಕ್ಕೆ ಇನ್ನು ಐದು ದಿನ, ಸೂಚನೆ, ಪೆನ್ಸಿಲು ಹಾಳೆಗೆ ತಾಗಿತು, ಹೆಂಗಸೊಬ್ಬಳು, ಅರಿಶಿನದ ಕೈ ಹುಬ್ಬಿನ ಮೇಲೆ — ಅದಲ್ಲ, ಅದು ಕಥೆಯಲ್ಲಿಲ್ಲ, ಎರಡನೆಯ ಮನೆ ನೋಡೋಣ, ಬಳೆಯವನ ಊರು, ಊರಿನ ಹೆಸರೇನು, ಬಾಗಿಲಲ್ಲಿ ಅವನ ಹೆಂಡತಿ, ಇದೇನು ತಂದಿರಿ ಎಂದು ಕೇಳುತ್ತಾಳೆ, ಕತ್ತೆತ್ತಿ, ಹಳದಿ ಕೈ ಹುಬ್ಬಿನ ಮೇಲೆ — ಮೂರನೆಯದು, ಮೂರನೆಯದರಲ್ಲಿ ಹಕ್ಕಿ, ಹಕ್ಕಿ ಎಲ್ಲಿ, ಬಿಸಿಲು, ಬರೀ ಬಿಸಿಲು, ಕೆಳಗೆ ಹಳದಿ ಕೈ, ಕತ್ತು ಮೇಲಕ್ಕೆ, ಇನ್ನೆಲ್ಲಿ ನೋಡ್ಲಿ, ಹಳದಿ ಕೈ ಹುಬ್ಬಿನ ಮೇಲೆ, ಕತ್ತು ಮೇಲಕ್ಕೆ —