ಲಾಲಮ್ಮನ ಕಡೆಯ ಗೋಡೆ

ಗಿರಣಿ ಸದ್ದು ಇಲ್ಲಿಗಿ ಕೇಳ್ತದೇನ್ರಿ, ಅಂತ ಕೇಳಿ ಅವನು ಅಂಗಳದ ನಡುವೆ ಕಣ್ಣು ಮುಚ್ಚಿ ನಿಂತುಬಿಟ್ಟಿದ್ದಾನೆ, ಮನೆ ಕೊಳ್ಳಲು ಬಂದವನು ತೊಲೆ ಬಡಿದು ನೋಡಬೇಕು, ಮಾಳಿಗೆ ಹತ್ತಿ ಮಣ್ಣು ನೋಡಬೇಕು, ಇವನು ಕಿವಿಯಿಂದ ಮನೆ ನೋಡುತ್ತಿದ್ದಾನೆ, ಏನೂ ಕೇಳಂಗಿಲ್ಲ ಅಂಬ್ರಪ್ಪ, ಅಂತ ನನ್ನ ಮೈದುನ ಬಸವಂತರಾಯ ಹಲ್ಲು ಕಿರಿಯುತ್ತಾನೆ, ಗಿರಣಿ ಇಲ್ಲ, ಗುಡಿ ಮೈಕ್ ಇಲ್ಲ, ಊರ ನಾಯಿ ಬೊಗಳಿದ್ರ ಸೈತ ಕೇಳಂಗಿಲ್ಲ, ಒಂಟಿ ಮನಿ, ನಾಕೂ ಕಡಿ ಬಯಲು, ಒಬ್ಬರ ಗ್ವಾಡಿ ನಿಮಗ ಹತ್ತಂಗಿಲ್ಲ, ಇಂಥಾ ಮಕಾನು ಸುರಪುರದಾಗ ಹುಡುಕಿದ್ರೂ ಸಿಗಂಗಿಲ್ಲ — ಒಂಟಿ ಮನೆಯಂತೆ, ಇವನ ಬಾಯಿಗೆ ಮಣ್ಣು ಹಾಕ, ಈ ಮನೆ ಒಂಟಿಯಾಗಿ ಹುಟ್ಟಿದ್ದೇನು, ಇವನೂ ಇದೇ ಓಣಿಯಲ್ಲಿ ಮೂಗು ಸುರಿಸುತ್ತ ಬೆಳೆದವನಲ್ಲವೇ, ಹಾಲು ಉಕ್ಕೀತು ಶಂಕ್ರಮ್ಮ, ಕಣ್ಣಿಡು, ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ, ನಾಲ್ಕು ಜನಕ್ಕೆ ಚಹಾ ಮಾಡಿ ಎಷ್ಟು ಕಾಲವಾಯಿತು, ಸಕ್ಕರೆಯ ಅಂದಾಜೇ ಕೈಗೆ ಮರೆತಿದೆ, ಎಡಕ್ಕೆ ಹಜರಾಬೀಯ ಮನೆ ಇತ್ತು, ಬಲಕ್ಕೆ ಲಾಲಮ್ಮನ ಮನೆ, ಒಂದೇ ಗೋಡೆಗೆ ಎರಡು ಮನೆಯ ಬೆನ್ನು, ಹೀಗೆ ಓಣಿಯ ಕೊನೆತನಕ, ಈ ತುದಿಯಲ್ಲಿ ಒಗ್ಗರಣೆ ಹಾಕಿದರೆ ಆ ತುದಿಯಲ್ಲಿ ಸೀನುತ್ತಿದ್ದರು. ಆಮೇಲೆ ಕಾಲುವೆ ಬಂತು, ಮೊದಲ ನೀರು ಬಂದ ದಿನ ಕಾಯಿ ಒಡೆದು ಸೀರೆ ಎತ್ತಿ ಕಟ್ಟಿ ನೀರಿನಲ್ಲಿ ಕುಣಿದವರಲ್ಲಿ ನಾನೂ ಒಬ್ಬಳು, ಜೋಳ ಹೋಗಿ ಭತ್ತ ಬಂತು, ಭತ್ತದ ಬೆನ್ನಿಗೇ ಜೌಳು ಬಂತು, ಗೋಡೆಗಳ ಬುಡ ಬೆವರಿದವು, ಮಲಗಿದ ಕೌದಿ ಬೆಳಗಾಗುವಷ್ಟರಲ್ಲಿ ಒದ್ದೆ, ಸರಕಾರ ರಸ್ತೆಯಾಚೆ ದಿಬ್ಬದ ಮೇಲೆ ಜಾಗ ಕೊಟ್ಟಿತು, ಹೊಸ ಊರು, ಒಬ್ಬೊಬ್ಬರಾಗಿ ತೊಲೆ ಕಿತ್ತರು, ನೆಲದ ಪರ್ಸಿ ಕಲ್ಲು ಕಿತ್ತರು, ಬಾಗಿಲು ಕಿತ್ತು ಬಂಡಿಗೆ ಹೇರಿದರು, ನಮ್ಮದು ಕಟ್ಟೆ ಎತ್ತರದ ಮನೆ, ನಮಗೇನ್ ಧಾಡಿ ಆಗ್ಯಾದ, ನಾ ಹೋಗಂಗಿಲ್ಲ ಅಂದ ನನ್ನ ಗಂಡ ಭಗವಂತರಾಯ, ಅವನಿಗೆ ಬಯಲು ಬೇಕಾಗಿತ್ತು. ಜಂಟಿ ಗೋಡೆಯನ್ನು ಮಾತ್ರ ಯಾರೂ ಕೆಡವಲಿಲ್ಲ, ಅದರಲ್ಲಿ ನಮ್ಮ ಪಾಲೂ ಇದೆ, ಹಾಗಾಗಿ ಲಾಲಮ್ಮನ ಒಲೆಯ ಮಸಿ ಈಗಲೂ ನನ್ನ ಗೋಡೆಯ ಹೊರಮೈಗೆ ಅಂಟಿಕೊಂಡಿದೆ, ಅವಳು ರೊಟ್ಟಿ ಬಡಿದ ಜಾಗದಲ್ಲಿ ಆಡುಗಳು ಮೇಯುತ್ತವೆ.

ಹುಡುಗಿ ಒಳಗೇ ಇದ್ದಾಳೆ, ಭೀಮಮ್ಮ ಅಂತೆ ಹೆಸರು, ನೀ ಒಳಗ ಕೂಡು ಅಂದ ಅಂಬ್ರಪ್ಪ, ಕುಳಿತಳು, ಇರುವುದಕ್ಕೆ ಬರುವವಳು ಅವಳು, ಅಡುಗೆ ಮಾಡುವವಳು ಅವಳು, ಅವಳನ್ನು ಒಂದು ಮಾತು ಕೇಳುವವರಿಲ್ಲ, ನಾನೇ ಕೇಳಿದೆ, ಮನಿ ಮಾರಿ ನಾ ರಸ್ತಾ ಆಚಿ ಹೊಸ ಊರಿಗಿ ಹೊಂಟೀನಿ, ಯಾವೂರವ್ವ ನಿಂದು, ಶಹಾಪುರದ ಕಡಿ ಹಳ್ಳಿ ಬೇ ಅಂದಳು, ಇವ್ರು ಕಾಲವಿ ಕೆಲಸಕ್ಕ ಟಿಪ್ಪರ್ ಹೊಡಿತಾರ, ರಾತ್ರಿ ಡ್ಯೂಟಿ, ಹಗಲಿ ಮಲಗ್ತಾರ, ಸದ್ದ ಆದ್ರ ಆಗಂಗಿಲ್ಲ. ಅಷ್ಟು ಹೇಳಿ ಸೆರಗು ಎಳೆದುಕೊಂಡಳು, ಆಗ ಕಂಡಿತು, ಬಲಗೈ ತುಂಬ ಹಸಿರು ಬಳೆ, ಎಡಗೈಯಲ್ಲಿ ಎರಡೇ, ಮಣಿಕಟ್ಟಿನ ಮೇಲೆ ಗಾಜು ಗೀರಿದ ಗೀಟುಗಳು, ಬೋರಿಂಗ್ ಹೊಡಿವಾಗ ಒಡದ್ವು ಅಂದಳು ನಾನು ಕೇಳುವ ಮೊದಲೇ, ಬೋರಿಂಗಿನ ಹಿಡಿಕೆ ಹೊಡೆಯುವುದು ಬಲಗೈಯಲ್ಲಿ ತಾಯಿ, ಎದುರಿಗೆ ನಿಂತ ಗಂಡಸಿನ ಬಲಗೈಗೆ ಸಿಗುವುದು ಹೆಂಗಸಿನ ಎಡಗೈ, ಇದನ್ನು ನನಗೆ ಹೇಳಿಕೊಡುತ್ತೀಯಾ, ನನ್ನ ಎಡಗೈ ಎಷ್ಟು ಡಜನ್ ನುಂಗಿತೋ ಬಳೆಗಾರನಿಗೇ ಗೊತ್ತು. ಮನಸ್ಸಿನಲ್ಲೇ ಅಂದುಕೊಂಡು ಚಹಾಪುಡಿ ಹಾಕಿದೆ. ಈ ಕಿಂಡಿ ಯಾಕದ ಬೇ, ಅಂದಳು, ಒಲೆಯ ಮೇಲಿನ ಕಿಂಡಿ, ಒಂದು ಮುಖ ಹಿಡಿಯುವಷ್ಟು, ಈಗ ಅದರೊಳಗೆ ಜಾಲಿಗಿಡ ಮತ್ತು ಕಾಲುವೆಯ ಏರಿ ಕಾಣುತ್ತವೆ, ಕೆಂಡ ಕೇಳಾಕ ಅಂದೆ. ಅವಳು ನನ್ನ ಮುಖ ನೋಡಿದಳು. ಕೆಂಡ ಕೇಳಾಕ, ಅಂತ ತಾನೂ ಒಮ್ಮೆ ಅಂದಳು, ನಮ್ಮ ತವರಮನ್ಯಾಗೂ ಅದ ಬೇ.

ಇನ್ನೇನು ಬಿಡಿಸಿ ಹೇಳುವುದಿದೆ, ಭಗವಂತರಾಯ ಕೈ ಎತ್ತಿದನೆಂದರೆ ಆ ಕಿಂಡಿಯಲ್ಲಿ ಲಾಲಮ್ಮನ ಮುಖ ಮೂಡುತ್ತಿತ್ತು, ಶಂಕ್ರಮ್ಮಾ, ನಮ್ಮ ಒಲಿ ಆರ್ಯಾದ, ಒಂದೀಟ ಕೆಂಡ ಕೊಡಬೇ, ಅವಳ ಹಿಂದೆ ಅವಳ ಒಲೆ ಧಗಧಗ ಉರಿಯುತ್ತಿರುತ್ತಿತ್ತು, ಬೆಳಕಿನಲ್ಲಿ ಅವಳ ಕಿವಿಯ ಬೆಂಡೋಲೆ ಹೊಳೆಯುತ್ತಿತ್ತು, ಆದರೂ ಕೆಂಡ ಬೇಕು, ನೆರೆಮನೆಯ ಹೆಂಗಸು ಕೆಂಡ ಕೇಳುತ್ತಿರುವಾಗ ಹೆಂಡತಿಯನ್ನು ಹೊಡೆಯುವ ಗಂಡಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ, ಎತ್ತಿದ ಕೈಯಿಂದಲೇ ರುಮಾಲು ಸರಿಮಾಡಿಕೊಂಡು ಹೊರಗೆ ಹೋಗುತ್ತಿದ್ದ, ನಾನು ಕುಳ್ಳಿನ ಮೇಲೆ ಕೆಂಡ ಇಟ್ಟು ಕೊಡುತ್ತಿದ್ದೆ, ಅವಳು ಇಸಿದುಕೊಂಡು ತನ್ನ ಉರಿಯುವ ಒಲೆಗೇ ಹಾಕುತ್ತಿದ್ದಳು, ಅವಳ ಗಂಡ ಕುಡಿದು ಬಂದ ದಿನ ನನ್ನ ಒಲೆ ಆರುತ್ತಿತ್ತು. ಹಜರಾಬೀ ನಗುತ್ತಿದ್ದಳು, ನಮ್ಮ ಓಣ್ಯಾಗ ಒಲಿ ಆರೋದು ಸೇಂದಿ ಅಂಗಡಿ ತೆರದ ದಿನಾನೇ ನೋಡವಾ. ಕೇಳಿದ್ದು ಕೆಂಡ, ಅರ್ಥ ಬೇರೆ, ಅಯ್ಯೋ ಪಾಪ ಅಂದದ್ದಿಲ್ಲ ಲಾಲಮ್ಮ ಒಂದು ದಿನಕ್ಕೂ, ಅದಕ್ಕೇ ಅವಳ ಮೇಲೆ ನನಗೆ ಅಷ್ಟು ಜೀವ. ಅವಳು ಹೊಸ ಊರಿಗೆ ಹೋದ ಮೇಲೆ ಕಿಂಡಿ ಉಳಿಯಿತು, ಮುಖ ಉಳಿಯಲಿಲ್ಲ, ಪೆಟ್ಟು ಬೀಳುವಾಗ ನಾನು ಅತ್ತ ನೋಡುತ್ತಿದ್ದೆ, ರೂಢಿ, ಒಮ್ಮೆ ಒಂದು ಆಡು ಇಣುಕಿತು, ನಗು ಬಂತು, ನಗು ಬಂದದ್ದಕ್ಕೆ ಇನ್ನೆರಡು ಬಿದ್ದವು. ಹೋದ ವರ್ಷ ಅವನೂ ತೀರಿಹೋದ, ನಾನು ಅತ್ತೆ, ಯಾಕೆ ಅತ್ತೆನೋ, ಮನೆಯಲ್ಲಿ ಉಸಿರಾಡುವ ಇನ್ನೊಂದು ಮೂಗು ಇಲ್ಲವಾಯಿತಲ್ಲ ಅಂತ ಅತ್ತಿರಬೇಕು, ಈಗ ನನ್ನ ಕೆಮ್ಮು ನನಗೇ ಕೇಳಿ ಬೆಚ್ಚುತ್ತೇನೆ.

ಲಾಲಮ್ಮ ಹೊಸ ಊರಿನಲ್ಲಿ ಮನೆ ಕಟ್ಟಿಸಿದ್ದಾಳೆ, ಬಲಗಡೆ ಖುಲ್ಲಾ ಜಾಗ ಇದೆ, ಹೋದ ವಾರ ಸಂತೆಯಲ್ಲಿ ಕೈ ಹಿಡಿದುಕೊಂಡು ನಿಂತಳು, ಆ ಜಾಗಾ ನೀ ತಗೋ ಶಂಕ್ರಮ್ಮ, ನನ್ನ ಗ್ವಾಡಿಗಿ ನಿನ್ನ ಜಂತಿ ಇಡು, ಕಿಂಡಿ ಬಿಟ್ಟೀನಿ, ಮಗ ಬಯ್ಯಾಕತ್ತಾನ, ಮಳಿಗಿ ಮೊದಲ ಮುಚ್ಚತೀನಿ ಅಂತಾನ, ಕಿಂಡಿಯಾಗ ಹಾವು ಚೇಳು ಬರ್ತಾವಂತ, ಲಗೂನ ಮನಿ ಮಾರಿ ಬಾ. ನಗಬೇಕೋ ಅಳಬೇಕೋ, ಗಂಡ ಇಲ್ಲ ಇಬ್ಬರಿಗೂ, ಬಡಿಯುವವರಿಲ್ಲ, ಅವಳ ಮನೆಗೆ ಗ್ಯಾಸ್ ಬಂದಿದೆ, ಯಾವ ಕೆಂಡ ಕೇಳುತ್ತಾಳೆ ಇವಳು, ಆದರೂ ಬಿಟ್ಟಿದ್ದಾಳೆ ಕಿಂಡಿ, ನನಗಾಗಿ ಗೋಡೆಯಲ್ಲಿ ಒಂದು ತೂತು ಇಟ್ಟುಕೊಂಡು ಕಾಯುವವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಈ ಮನೆ ಹೋದರೇ ಆ ಜಾಗ, ಬೇರೆ ದಾರಿ ಇಲ್ಲ, ಬಂದವರು ಇವರೊಬ್ಬರೇ, ಸ್ಮಶಾನದಂಗ ಅದ ಅಂತ ಹುಣಸಗಿಯ ದಲಾಲಿ ಬಾಗಿಲಿಗೂ ಬರದೆ ಹೋಗಿದ್ದ. ಅದಕ್ಕೇ ಬಸವಂತರಾಯ ಕಾಲುವೆ ಬಂದ್ ಆಗುವುದನ್ನೇ ಕಾದು ಇವರನ್ನು ಕರೆತಂದಿದ್ದಾನೆ, ನೆಲ ಒಣಗಿರುತ್ತದೆ, ಗೋಡೆಯ ಉಪ್ಪಿಗೆ ಸುಣ್ಣ ಬಳಿಸಿದ್ದಾನೆ, ನೀ ಬಾಯಿ ಮುಚ್ಕೊಂಡ್ ಚಹಾ ಮಾಡು ವೈನಿ, ಮಾತೆಲ್ಲಾ ನಂದು, ಅಂದಿದ್ದಾನೆ, ಮಾಡುತ್ತಿದ್ದೇನಪ್ಪ, ಚಹಾವನ್ನೇ ಮಾಡುತ್ತಿದ್ದೇನೆ.

ಬಸಿದು ತಿರುಗಿದೆ, ಹುಡುಗಿ ಕೂತಲ್ಲಿಲ್ಲ, ಲಾಲಮ್ಮನ ಕಡೆಯ ಗೋಡೆಗೆ ಕಿವಿ ಹಚ್ಚಿ ನಿಂತಿದ್ದಾಳೆ, ಹೊಸ ಸುಣ್ಣ ಕೆನ್ನೆಗೆ ಹತ್ತಿದೆ, ಕಿಂಡಿಯಲ್ಲಿ ಬಯಲು ಕಾಣುತ್ತಿದ್ದರೂ ಗೋಡೆಗೆ ಕಿವಿ, ಉಸಿರು ಬಿಗಿಹಿಡಿದು, ಒಳಗೆ ಯಾರಾದರೂ ಕೆಮ್ಮಿಯಾರು, ಪಾತ್ರೆ ಸದ್ದು ಮಾಡಿಯಾರು ಅನ್ನುವಂತೆ, ಯಾರೂ ಇಲ್ಲವ್ವ ಅಂದೆ, ಹೌದೇನು ಬೇ ಅಂದಳು, ಕಿವಿ ತೆಗೆಯಲಿಲ್ಲ. ಅಷ್ಟರಲ್ಲಿ ಗಂಡಸರು ಒಳಗೆ ಬಂದರು, ಮಕಾನು ಪಸಂದ ಆತ್ರಿ ಅಂದ ಅಂಬ್ರಪ್ಪ, ಅವಳು ಗೋಡೆ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು, ಆ ಹೆಜ್ಜೆ ನನಗೆ ಗೊತ್ತು, ಆ ಹೆಜ್ಜೆ ನನ್ನದು. ಅವನು ಕೆಟ್ಟವನ ಹಾಗೆ ಕಾಣುವುದಿಲ್ಲ, ಅಂಥವರು ಯಾರೂ ಹಾಗೆ ಕಾಣುವುದಿಲ್ಲ, ಚಹಾ ಕುಡಿದು ಭಾಳ ಚಲೋ ಆಗ್ಯಾದ ಯವ್ವಾ ಅಂದ, ನನ್ನ ಚಹಾವನ್ನು ಈ ಮನೆಯಲ್ಲಿ ಯಾವ ಗಂಡಸೂ ಹಾಗೆ ಹೊಗಳಿದ್ದಿಲ್ಲ, ನೆಲಾ ಜಿನುಗತದಪ್ಪ ಅಂದುಬಿಟ್ಟೆ, ಕಾಲವಿಗಿ ನೀರ್ ಬಿಟ್ಟ ಮ್ಯಾಲ ಇಲ್ಲಿ ಮಲಗಾಕ ಆಗಂಗಿಲ್ಲ, ಗ್ವಾಡಿಗಿ ಉಪ್ಪ ಅಡರತದ, ಅದಕ್ಕ ಮಂದಿ ಓಣಿ ಬಿಟ್ಟಾರ. ಬಸವಂತರಾಯ ಕಣ್ಣಲ್ಲೇ ನುಂಗಿದ. ಅಂಬ್ರಪ್ಪ ನಕ್ಕ, ಇರ್ಲಿ ಬಿಡ್ರಿ ಯವ್ವಾ, ಮಂಚ ಹಾಕ್ಕೊಂತೀವಿ, ನನಗ ಬೇಕಾದ್ದು ಇಂಥಾ ಜಾಗಾ, ಈಗ ಬಾಡಿಗಿ ಇದ್ದಲ್ಲಿ ಬಾಜೂದವರ ಕಾಟ ಭಾಳ, ಇವಳ್ ಒಂದ್ ಗಿಂಡಿ ಕೆಡವಿದ್ರೂ ಬಂದು ಬಾಗಿಲಾ ಬಡೀತಾರ. ಬಯಾನಾ ಇಸ್ಕೊಳ್ರಿ ಅಂತ ಮುಂಗಡದ ರೊಕ್ಕಕ್ಕೆ ಜೇಬಿಗೆ ಕೈ ಹಾಕಿದ, ನಾನು ಅವಳ ಕೆನ್ನೆಯ ಸುಣ್ಣ ನೋಡಿದೆ, ಲಾಲಮ್ಮನ ಕಿಂಡಿ ನೆನೆದೆ, ಎರಡನ್ನೂ ಒಟ್ಟಿಗೇ, ಒಂದು ಕ್ಷಣ, ಮಾರಂಗಿಲ್ಲ ಅಂದೆ. ಏನಂದಿ ವೈನಿ, ಅಂದ ಬಸವಂತರಾಯ. ಮನಿ ನನ್ನ ಹೆಸರಲೇ ಅದ, ಮಾರಂಗಿಲ್ಲ, ಈಗಲ್ಲ ಎಂದೂ ಇಲ್ಲ, ಚಹಾ ಕುಡದು ಹೋಗ್ರಿ.

ಮೈದುನ ಬಯ್ದ, ಬಯ್ಯಲಿ, ಕೊಳ್ಳಿ ದೆವ್ವ ಆಗಿ ಇಲ್ಲೇ ಸಾಯಿ ಅಂದ, ಆಗಲಿ, ಎದೆಯಲ್ಲಿ ಎಂಥ ಹಿಗ್ಗು ಆಗ, ಲಾಲಮ್ಮನಿಗೆ ಹೇಳಬೇಕು, ಎತ್ತಿದ ಕೈಯನ್ನು ನಾನೂ ಒಮ್ಮೆ ತಡೆದೆ ನೋಡು, ಕೆಂಡ ಕೇಳದೆಯೇ, ನೀನು ಆ ಕಿಂಡಿ ಮುಚ್ಚಿಸು, ನಾನು ಬರುವುದಿಲ್ಲ. ಅಂಬ್ರಪ್ಪ ಸಿಟ್ಟಾಗಲಿಲ್ಲ, ನಿಮ್ಮ ಖುಷಿ ಯವ್ವಾ, ಕಾಲವಿ ದಂಡಿಗುಂಟ ಇಂಥಾ ಮನಿಗೆ ಬರ ಏನದ, ಹುಣಸಗಿ ಕಡಿ ಒಂದ್ ನೋಡೀನಿ, ಇನ್ನೂ ದೂರ ಅದ, ಅಲ್ಲಿ ಹಾದಿನೂ ಇಲ್ಲ, ಅಂತ ಮೋಟರ್ ಸೈಕಲ್ ಹೊರಳಿಸಲು ಹೋದ. ಹುಡುಗಿ ಚಹಾದ ಬಟ್ಟಲು ತೊಳೆದು ಒಲೆಯ ಬಳಿ ಬೋರಲು ಹಾಕಿದಳು, ನನ್ನ ಮುಖ ನೋಡದೆ ಮೆಲ್ಲಗೆ ಅಂದಳು, ಯಾಕ ಹಂಗ ಅಂದ್ರಿ ಬೇ, ಹೊಸ ಊರು ಏನ್ ದೂರಿತ್ತು, ನಾವ್ ಇಲ್ಲಿ ಇದ್ದಿದ್ರ ನೀವ್ ಕೆಂಡ ಕೇಳಾಕ ಬರ್ತಿದ್ರಿ. ನಡಿ ಅಂತ ಹೊರಗಿನಿಂದ ಅವನು, ಬಂದೆ ಅಂತ ಅವಳು, ಹೋದಳು, ಗಾಡಿಯ ಸದ್ದು ಕಾಲುವೆಯ ಏರಿ ಹತ್ತಿತು, ಇಳಿಯಿತು, ಇಲ್ಲವಾಯಿತು, ಬರುತ್ತಿದ್ದೆ ತಾಯಿ, ಅಡ್ಡದಾರಿ ಹಿಡಿದು ದಿನಾ ಬರುತ್ತಿದ್ದೆ, ಗ್ಯಾಸ್ ಇದ್ದರೂ ಕೆಂಡ ಕೇಳುತ್ತಿದ್ದೆ, ನನಗೆ ಹೊಳೆಯಲಿಲ್ಲ, ಅಷ್ಟು ವರ್ಷ ಆ ಕಿಂಡಿಯಲ್ಲಿ ಬದುಕಿದವಳಿಗೆ ಹೊಳೆಯಲಿಲ್ಲ, ಆ ಮನೆ ಯಾವ ಊರಿನದು, ಹುಣಸಗಿ ಕಡೆ ಅಂದರೆ ಯಾವ ಕಡೆ, ಕೇಳಲಿಲ್ಲ, ಅಲ್ಲಿ ಕಿಂಡಿ ಇರುತ್ತದೋ ಇಲ್ಲವೋ, ಗೋಡೆ ಇರುತ್ತದೆ, ಗೋಡೆ ಎಲ್ಲ ಕಡೆ ಇರುತ್ತದೆ, ಕೆನ್ನೆಗೆ ಸುಣ್ಣ ಹತ್ತಿದ್ದು ಒರೆಸಿಕೊಂಡಳೋ ಇಲ್ಲವೋ, ನಾನಾದರೂ ಒರೆಸಬೇಕಿತ್ತು, ಅಲ್ಲಿಯೂ ಉಸಿರು ಬಿಗಿಹಿಡಿದು, ಗೋಡೆಗೆ ಕಿವಿ ಹಚ್ಚಿ ನಿಂತಿದ್ದಾಳೆ, ಯಾರೂ ಇಲ್ಲವ್ವ, ಹೌದೇನು ಬೇ, ಗೋಡೆಗೆ ಕಿವಿ ಹಚ್ಚಿ, ಗೋಡೆಗೆ ಕಿವಿ