ಒಂದೇ ಹಾಳೆಗೆ ರಟ್ಟು

ನಡುಮನೆಯಲ್ಲಿ ಅಣ್ಣನ ಹೆಣದ ಸುತ್ತ ಜನ ಕೂತಿರುವಾಗ ತಂಗಿ ಅವನ ಬೀರುವಿನ ಮೂರನೆಯ ಖಾನೆ ತಡಕಾಡುತ್ತಿದ್ದಳು. ಕೋರ್ಟಿನ ಆದೇಶ ಇಲ್ಲೇ ಎಲ್ಲೋ ಇರಬೇಕು, ಇದ್ದರೆ.

ಬಸ್ಸು ಗುದ್ದಿ ಅವಳ ತಲೆಗೆ ಪೆಟ್ಟಾದಂದಿನಿಂದ ಆರು ವರ್ಷ ಬುಕ್ ಬೈಂಡರ್ ಅಣ್ಣನೇ ಕೋರ್ಟು ನೇಮಿಸಿದ ಗಾರ್ಡಿಯನ್. ಅವಳ ಔಷಧಿ, ಬ್ಯಾಂಕು, ಈ ಮನೆಯ ಅರ್ಧ ಪಾಲು, ಎಲ್ಲಕ್ಕೂ ಅವನದೇ ರುಜು. ಹೋದ ವಾರ ಊಟಕ್ಕೆ ಕೂತಾಗ, "ನನ್ನ ಗಾರ್ಡಿಯನ್‌ಗಿರಿ ಎಲ್ಲ ರದ್ದಾಯ್ತು. ಇನ್ಮೇಲೆ ನೀನುಂಟು, ನಿನ್ನ ರುಜು ಉಂಟು" ಅಂದಿದ್ದ. ಕಾಗದ ಕೇಳಿದರೆ, "ಕೊಡ್ತೀನಿ ತಾಳೇ" ಅಂದಿದ್ದ. ಅವಳು ನಂಬಿರಲಿಲ್ಲ.

ನಡುಮನೆಯಿಂದ ದೊಡ್ಡಪ್ಪನ ದನಿ ಕೇಳಿಸಿತು. "ಪಾಪ, ಆ ಹುಡುಗಿ ಭಾರ ಇನ್ನು ನನ್ನ ತಲೆ ಮೇಲೆ. ಒಂದು ಒಳ್ಳೇ ಆಶ್ರಮ ನೋಡಿಟ್ಟಿದ್ದೀನಿ."

"ಹುಡುಗಿಗೆ ಮೂವತ್ತೈದಲ್ವಾ?" ಅಂದರು ಯಾರೋ.

"ವಯಸ್ಸಾದ್ರೆ ಬುದ್ಧಿ ಬರುತ್ತಾ?"

*

ವರ್ಷದ ಹಿಂದೆ, ಗಾರ್ಡಿಯನ್ ಬೇಡವೆಂದು ಅವಳೇ ಅರ್ಜಿ ಹಾಕಿದ್ದಾಗ, ಅಣ್ಣ ಕಟಕಟೆಯಲ್ಲಿ ನಿಂತು, "ಒಲೆ ಆರಿಸೋದು ಮರೀತಾಳೆ ಸ್ವಾಮಿ. ಇನ್ನೂ ಸ್ವಲ್ಪ ದಿನ ಇರಲಿ" ಅಂದಿದ್ದ. ಅರ್ಜಿ ವಜಾ ಆಗಿತ್ತು.

ಹೊರಗೆ ಬಂದು ಅವಳು ಮುಖಕ್ಕೇ ಕೇಳಿದ್ದಳು: "ನನ್ನ ಪಾಲು ನುಂಗೋ ಯೋಚನೆನಾ?"

ಅವನು ಜೇಬಿನಲ್ಲಿ ಬಸ್ಸಿಗೆ ಚಿಲ್ಲರೆ ಹುಡುಕಿದ್ದ.

*

"ಏನು ಹುಡುಕ್ತಿದ್ದೀಯೇ?" ಬಾಗಿಲಲ್ಲಿ ಅತ್ತಿಗೆ. ಅತ್ತು ಅತ್ತು ಮುಖ ಊದಿತ್ತು.

"ಆದೇಶ. ನಿಜವಾಗ್ಲೂ ಇದೆಯಾ ಅತ್ತಿಗೆ, ಇಲ್ಲ ನಿಮ್ಮಿಬ್ಬರ ನಾಟಕನಾ?"

ಅತ್ತಿಗೆ ಬಾಗಿಲು ಮುಂದೆ ಮಾಡಿದಳು. "ಅವರ ಹೃದಯ ಜಾಸ್ತಿ ದಿನ ತಡೆಯಲ್ಲ ಅಂತ ಡಾಕ್ಟರು ಹೇಳಿದ ಮಾರನೇ ದಿನವೇ ಕೋರ್ಟಿಗೆ ಓಡಿದ್ರು. ತಾನು ಕಣ್ಮುಚ್ಚಿದ್ರೆ ನೀನು ದೊಡ್ಡಪ್ಪನ ಕೈಗೆ ಸಿಕ್ತೀಯ ಅಂತ ಭಯ. 'ಅವಳು ಸರಿಯಾಗಿದ್ದಾಳೆ, ನಾನೇ ತಪ್ಪು ಹೇಳಿದ್ದೆ' ಅಂತ ಬರೆದುಕೊಟ್ರು."

"ಇದನ್ನೆಲ್ಲ ನನಗೆ ಹೇಳಬಹುದಿತ್ತಲ್ಲ?"

"ನಂಬ್ತಿದ್ದೆಯಾ?"

ಅವಳಿಗೆ ಈಗಲೂ ನಂಬಿಕೆ ಬರಲಿಲ್ಲ. "ಎಲ್ಲಿದೆ?"

"ಅವರ ಬೈಂಡಿಂಗ್ ಪ್ರೆಸ್ಸಲ್ಲಿ. ಅಂಟು ಕೂರಲಿ ಅಂತ ನಿನ್ನೆ ಸಂಜೆ ಇಟ್ಟಿದ್ರು."

ಅವಳು ಮನೆಯ ಹಿಂದಿನ ಬೈಂಡಿಂಗ್ ಕೋಣೆಗೆ ಹೋಗಿ, ಪ್ರೆಸ್ಸಿನ ತಿರುಪು ಬಿಚ್ಚಿ, ಹಲಗೆ ಎತ್ತಿದಳು. ಒಂದೇ ಹಾಳೆಯ ಆದೇಶ. ಅದಕ್ಕೆ ಕೆಂಪು ಬಟ್ಟೆಯ ದಪ್ಪ ರಟ್ಟು, ನಿಘಂಟಿಗೆ ಕಟ್ಟಿದ ಹಾಗೆ. ಸೀಲು, ತಾರೀಕು, ಜಡ್ಜಿಯ ರುಜು, ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದಳು.

ದೊಡ್ಡಪ್ಪ ಹಿಂದೆಯೇ ಬಂದಿದ್ದರು. "ಏನಮ್ಮಾ ಅದು? ಕೊಡಿಲ್ಲಿ, ನಿನಗೆ ಗೊತ್ತಾಗಲ್ಲ."

ಅವಳು ಅದನ್ನು ಎರಡೂ ಕೈಯಿಂದ ಎದೆಗವಚಿಕೊಂಡಳು. ಅಂಚಿನ ಅಂಟು ಇನ್ನೂ ಹಸಿಯಾಗಿತ್ತು. ರಟ್ಟು ಬೆರಳುಗಳಿಗೆ ಮೆತ್ತಿಕೊಂಡಿತು.