ತಾಯಿಯ ಒಪ್ಪಿಗೆ ಬೇಡ ಎಂದವನು

ನಿಮ್ಮ ಮನೆಯಲ್ಲೂ ಒಬ್ಬ ಇರಬಹುದು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೂಲೆ ಹಿಡಿದು ಕೂತ ಮಗ. ಊಟಕ್ಕೆ ಕರೆದು ಕರೆದು ನಿಮ್ಮ ಗಂಟಲು ಒಣಗಬೇಕು, ಆಗ ಹೂಂ ಅನ್ನುತ್ತಾನೆ. ನಮ್ಮ ಟೈಲರ್ ಅಕ್ಕನ ಮಗನೂ ಹಾಗೇ ಆಗಿದ್ದ.

ಅಕ್ಕನೂ ನಾನೂ ಅವಳ ಮನೆಯ ಒಂದೇ ಕೋಣೆಯಲ್ಲಿ ದುಡಿಯುವವರು. ಅವಳು ಹೊಲಿಯುತ್ತಾಳೆ, ನಾನು ಕಾಜಾ ಹಾಕಿ ಗುಂಡಿ ಹಚ್ಚುತ್ತೇನೆ. ಗಂಡ ತೀರಿಕೊಂಡ ಮೇಲೆ ಆ ಮಿಷನ್ ತುಳಿದೇ ಮಗನನ್ನು ಬೆಳೆಸಿದಳು. ತುಳಿದು ತುಳಿದು ಮೊಣಕಾಲು ಸವೆದಿದೆ. ಮಗ ಫ್ರಿಜ್ ರಿಪೇರಿ ಮಾಡುತ್ತಾನೆ. ಬೀದಿಯವರು ಅವನನ್ನು ಕರೆಯುವುದೇ ಕೂಲಿಂಗ್ ಎಂದು. ಹೆಸರು ತಣ್ಣಗಿದ್ದರೂ ತಲೆ ಮಾತ್ರ ಸದಾ ಬಿಸಿ.

ಅವನು ಬದಲಾದಾಗ ಅಕ್ಕನಿಗೆ ಹಿಗ್ಗೋ ಹಿಗ್ಗು.

"ಸಿಗರೇಟು ಬಿಟ್ಟ, ಹೊತ್ತಿಗೆ ಸರಿಯಾಗಿ ನಮಾಜು ಮಾಡ್ತಾನೆ. ಯಾರೋ ಹಜ್ರತ್ ಅಂತೆ, ಫೋನಲ್ಲೇ ಉಪದೇಶ ಮಾಡ್ತಾರಂತೆ. ದೊಡ್ಡ ಪಂಡಿತರಂತೆ ಕಣೇ!"

"ಮತ್ತೆ ನಮ್ಮ ಮಸೀದಿಗೆ ಯಾಕೆ ಬರ್ತಿಲ್ಲ?"

"ನಮ್ಮ ಇಮಾಮ್ ಸಾಹೇಬ್ರು ಹೇಡಿ ಅಂತಾನೆ. ಹುಡುಗು ಬುದ್ಧಿ, ಬಿಡು."

ನನಗೆ ಸರಿ ಕಾಣಲಿಲ್ಲ. ಒಂದು ದಿನ ಉರುಳಿದ ದಾರದ ಉಂಡೆ ಹುಡುಕಲು ಮೇಜಿನ ಕೆಳಗೆ ಬಗ್ಗಿದೆ. ಕೂಲಿಂಗ್‌ನ ಕೆಲಸದ ಚೀಲ ಸದಾ ಇರುವ ಆ ಜಾಗದಲ್ಲಿ ಇರಲಿಲ್ಲ. ಸ್ಪ್ಯಾನರು, ಗ್ಯಾಸ್ ಮೀಟರು ಎಲ್ಲ ಅದರಲ್ಲೇ ಇರುತ್ತಿದ್ದವು. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಚೀಲ ಎಲ್ಲಿ ಎಂದು ಕೇಳಿದೆ.

"ಮಾರಿದ. ಹೊಸದು ತಗೋತಾನಂತೆ" ಎಂದಳು ಅಕ್ಕ, ಕಣ್ಣು ಹೊಲಿಗೆಯ ಮೇಲೇ ಇಟ್ಟು.

ತೋಳು ಸಡಿಲ ಮಾಡಿಸಲು ಬಂದಿದ್ದ ಟೀಚರಮ್ಮ ಅದನ್ನು ಕೇಳಿ ಅಲ್ಲೇ ಸ್ಟೂಲಿನ ಮೇಲೆ ಕೂತರು. ಬೀದಿಯ ಹೆಣ್ಣುಮಕ್ಕಳಿಗೆ ಕುರಾನ್ ಓದಿಸುವವರು ಅವರು. ಸುಮ್ಮನೆ ಹೆದರಿಸುವ ಪೈಕಿ ಅಲ್ಲ.

"ಅನ್ನ ಕೊಡೋ ಸಾಮಾನು ಮಾರಿದ್ದಾನೆ ಅಂದ್ರೆ ಹೊರಟಿದ್ದಾನೆ ಅಂತ ಕಣಮ್ಮಾ. ನನ್ನ ತಮ್ಮನ ಹೆಂಡತಿ ಊರಲ್ಲೂ ಒಬ್ಬ ಹುಡುಗ ಹೀಗೇ ಮಾಡಿದ್ದು. ಇಂಥದ್ದೇ ಫೋನ್ ಉಪದೇಶ ಕೇಳಿ ಮೊದಲು ಇಮಾಮರನ್ನ ಬೈದ, ಆಮೇಲೆ ಕೆಲಸ ಬಿಟ್ಟ, ಆಮೇಲೆ ಮನೆ ಬಿಟ್ಟ. ಕೊನೆಗೆ ಮಾರ್ಕೆಟ್ಟಲ್ಲಿ ಬಾಂಬಿಟ್ಟ. ಸತ್ತೋರೆಲ್ಲ ತರಕಾರಿ ತಗೊಳ್ಳೋಕೆ ಬಂದೋರು."

ಅಕ್ಕ ರೇಗಿದಳು. "ಅದಕ್ಕೂ ಹಜ್ರತ್‌ಗೂ ಏನು ಸಂಬಂಧ? ಅವರ ಕೈಲಿ ಬಂದೂಕಿದೆಯಾ? ದೇವರ ಮಾತು ಹೇಳೋರು ಅವರು."

"ಬಂದೂಕು ಕೊಡೋಕೆ ಇಂಥೋರ ಗುಂಪಲ್ಲಿ ಬೇರೆ ಜನ ಇರ್ತಾರೆ. ಆದ್ರೆ ಕೊಲ್ಲೋಕೆ ಹೋದ್ರೆ ಮನುಷ್ಯನ ಕೈ ನಡುಗುತ್ತೆ. ಇದು ಪಾಪ ಅಲ್ಲ, ಪುಣ್ಯ ಅಂತ ಹೇಳಿ ಆ ನಡುಕ ನಿಲ್ಸೋಕೆ ಒಬ್ಬ ಬೇಕು. ಅವನೇ ಈ ಹಜ್ರತ್. ಯಾರನ್ನ ಕೊಲ್ಲಬಹುದು, ಯಾರು ಮುಸಲ್ಮಾನರೇ ಅಲ್ಲ, ಎಲ್ಲಕ್ಕೂ ಫತ್ವಾ ಇವನದ್ದೇ. ಇವನಿಲ್ಲದಿದ್ರೆ ಅವರ ಬಂದೂಕು ತುಕ್ಕು ಹಿಡಿಯುತ್ತೆ."

"ತುಂಬಾ ಓದಿದೋರಂತೆ..."

"ಓದಿರ್ಲಿ. ಓದಿದೋನು ಹೇಳ್ದ ಅಂತ ಕೊಲೆ ಕೊಲೆ ಅಲ್ದೆ ಹೋಗುತ್ತಾ?"

ಅಷ್ಟರಲ್ಲಿ ಕೂಲಿಂಗ್ ಊಟಕ್ಕೆ ಬಂದ. ಅಕ್ಕ ತಟ್ಟೆಗೆ ಅನ್ನ ಬಡಿಸಿ ಎದುರೇ ಕೂತಳು.

"ಎಲ್ಲಿಗೋ ಹೊರಟಿದ್ದೀಯಾ?"

ಅವನು ತಲೆ ತಗ್ಗಿಸಿದ. ಸುಳ್ಳು ಹೇಳಲು ಬರುವುದಿಲ್ಲ ಪಾಪ, ಅವಳು ಬೆಳೆಸಿದ್ದೇ ಹಾಗೆ. "ನಾಳೆ, ಅಮ್ಮ. ಹೋರಾಟಕ್ಕೆ."

"ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

"ತಾಯಿ ಒಪ್ಪಿಗೆ ಬೇಕಿಲ್ಲ ಅಂತ ಹಜ್ರತ್ ಫತ್ವಾ ಕೊಟ್ಟಿದ್ದಾರೆ."

ಅಕ್ಕನ ಮುಖ ಕೆಂಪಾಯಿತು. ಇಷ್ಟು ದಿನ ಹಜ್ರತ್ ಹಜ್ರತ್ ಎಂದು ಹೊಗಳುತ್ತಿದ್ದವಳು ಒಂದೇ ಮಾತಿಗೆ ಎದ್ದು ನಿಂತಳು. ನನಗಂತೂ ಮೈಯೆಲ್ಲ ಉರಿಯಿತು. ಹೆತ್ತು, ಹೊತ್ತು, ಕಾಲು ಸವೆಸಿ ಸಾಕಿದವಳು ಇವಳು. ಮುಖ ತೋರಿಸದ ಯಾವನೋ ಬಂದು ಇವಳ ಹಕ್ಕನ್ನು ಕತ್ತರಿಸಿ ಬಿಸಾಡುತ್ತಾನಲ್ಲ!

ಟೀಚರಮ್ಮ ಮೆಲ್ಲಗೆ ಹೇಳಿದರು: "ನೋಡಪ್ಪಾ, ನಮ್ಮಲ್ಲಿ ಫತ್ವಾ ಕೊಡೋರನ್ನ, ನಿಮಗೆ ಓದಿಸಿದೋರು ಯಾರು ಅಂತ ಕೇಳಬಹುದು. ನಿಜವಾದ ಮೌಲ್ವಿ ಖುಷಿಯಿಂದ ಗುರುಗಳ ಹೆಸರು ಹೇಳ್ತಾರೆ. ಕೇಳಿದೋರ ಕಷ್ಟ ಏನು, ಮನೇಲಿ ಯಾರಿದ್ದಾರೆ ಅಂತಾನೂ ವಿಚಾರಿಸ್ತಾರೆ. ಇವರು ನಿನ್ನ ಅಮ್ಮನ ಬಗ್ಗೆ ಒಂದು ಮಾತು ಕೇಳಿದ್ರಾ?"

ಅವನು ಜೇಬಿನ ಫೋನ್ ತೆಗೆದು ತಟ್ಟೆಯ ಪಕ್ಕ ಇಟ್ಟ.

"ಫೋನ್ ಕೊಡು. ನಾನೇ ಕೇಳ್ತೀನಿ" ಎಂದಳು ಅಕ್ಕ.

ಅವನು ಹಜ್ರತ್‌ಗೆ ದನಿ ಸಂದೇಶ ಕಳಿಸುವ ಗುಂಡಿ ಒತ್ತಿ ಹಿಡಿದ. ಅಕ್ಕ ಫೋನಿನತ್ತ ಬಾಗಿ ಮಾತಾಡಿದಳು.

"ಸಲಾಂ. ನಾನು ಇವನ ತಾಯಿ. ಗಂಡ ಇಲ್ಲ, ಇವನೊಬ್ಬನೇ ಮಗ, ನನ್ನ ಮೊಣಕಾಲು ಹೋಗಿದೆ. ನಿಮಗೆ ಓದಿಸಿದ ಗುರುಗಳು ಯಾರು? ನಿಮ್ಮ ಗಂಡು ಮಕ್ಕಳು ಎಲ್ಲಿದ್ದಾರೆ? ಅವರನ್ನೂ ಕಳಿಸ್ತಿದ್ದೀರಾ?"

ಕೂಲಿಂಗ್ ಅನ್ನ ಕಲಸುತ್ತ ಕೂತ. ಹಜ್ರತ್ ಅಮ್ಮನಿಗೆ ಸಮಾಧಾನ ಹೇಳುತ್ತಾರೆ ಎಂದೇ ಅವನು ನಂಬಿದ್ದ. ತುತ್ತು ಎತ್ತುವಷ್ಟರಲ್ಲಿ ಫೋನಿಗೆ ಹಜ್ರತ್‌ನ ಉತ್ತರ ಬಂತು. ಜೇನಿನಂಥ ದನಿ ಎಂದು ಅವನು ಯಾವಾಗಲೂ ಹೊಗಳುತ್ತಿದ್ದ ಆ ದನಿ ಗುಡುಗುತ್ತಿತ್ತು.

"ನನ್ನನ್ನೇ ಪ್ರಶ್ನೆ ಮಾಡ್ತಾಳಾ? ನಿನ್ನ ತಾಯಿ ಕಾಫಿರಳು. ಇವತ್ತಿಂದ ಅವಳು ನಿನಗೆ ಯಾರೂ ಅಲ್ಲ. ಅವಳ ಕೈ ಅನ್ನ ನಿನಗೆ ಹರಾಮ್!"

ಕೂಲಿಂಗ್ ಕೈಯಲ್ಲಿದ್ದ ತುತ್ತನ್ನೇ ನೋಡಿದ. ಆಮೇಲೆ ಅಮ್ಮನ ಕಾಲು ನೋಡಿದ. ಅವಳು ನೋವಿಗೆ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ನನ್ನಮ್ಮ ಕಾಫಿರಾ?" ಎಂದ. "ನನಗೆ ನಮಾಜು ಕಲಿಸಿದೋಳು ಇವಳು. ಇವಳನ್ನೇ ಧರ್ಮದಿಂದ ಆಚೆ ಹಾಕೋಕೆ ಇವನ್ಯಾರು? ಇದೇ ಬಾಯಿ ತಾನೇ, ನಾವು ಹೋಗೋ ಕಡೆ ಇರೋರೆಲ್ಲ ಕಾಫಿರರು, ಕೊಂದ್ರೆ ತಪ್ಪಿಲ್ಲ ಅಂತ ನಮಗೆ ಹೇಳಿದ್ದು!"

ತುತ್ತನ್ನು ಬಾಯಿಗಿಟ್ಟ. ಅಳುತ್ತಲೇ ನುಂಗಿದ. ತಟ್ಟನೆ ಎದ್ದು ನಿಂತ.

"ಅಮ್ಮ, ನನ್ನ ಜೊತೆ ಇನ್ನಿಬ್ಬರು ಹೊರಟಿದ್ದಾರೆ. ಅವರ ಅಮ್ಮಂದಿರಿಗೂ ಗೊತ್ತಿಲ್ಲ."

ಕೈ ತೊಳೆಯಲೂ ನಿಲ್ಲದೆ ಚಪ್ಪಲಿ ಮೆಟ್ಟಿ ಓಡಿದ. ಅಕ್ಕ ಕುಂಟುತ್ತ ಬಾಗಿಲವರೆಗೆ ಹೋಗಿ ಕೂಗಿದಳು: "ಅವರನ್ನ ಇಲ್ಲಿಗೇ ಕರ್ಕೊಂಡು ಬಾರೋ! ಅಮ್ಮಂದಿರನ್ನೂ ಕರ್ಕೊಂಡು ಬಾ! ಅನ್ನ ಇದೆ!"

ಸಂಜೆಗೆ ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಡಿ ಎನಿಸಿಕೊಂಡಿದ್ದ ಇಮಾಮ್ ಸಾಹೇಬರು ಬಂದರು. ಒಂದು ಬೈಗುಳವಿಲ್ಲದೆ ಮೂವರು ಹುಡುಗರ ಜೊತೆ ಕೂತರು. ಮುಂದೆ ಪೊಲೀಸರಿಗೆ ತಿಳಿಸಲು ಹೋದಾಗಲೂ ಅವರೇ ಜೊತೆಗಿದ್ದರು.

ಅಮ್ಮಂದಿರೇ, ಅಪ್ಪಂದಿರೇ, ಮಗನಿಗೆ ದೇವರ ಭಕ್ತಿ ಬಂದರೆ ಹೆದರಬೇಡಿ. ಮನೆಯವರನ್ನು, ಊರಿನ ಮೌಲ್ವಿಯನ್ನು, ಮಾಡುವ ಕೆಲಸವನ್ನು ದೂರ ಮಾಡುವ ದನಿ ಅವನ ಕಿವಿಗೆ ಬಿದ್ದರೆ ಹೆದರಿ. ಸುಮ್ಮನೆ ಕೂರಬೇಡಿ. ಪಕ್ಕದಲ್ಲಿ ಕೂತು ಆ ದನಿಯನ್ನು ನೀವೂ ಕೇಳಿ. ನಿಮ್ಮ ಇಮಾಮರಿಗೆ, ಓದಿಸುವವರಿಗೆ, ನಂಬಿಕಸ್ಥರಿಗೆ ಹೇಳಿ. ಮರ್ಯಾದೆ ಹೋಗುತ್ತದೆಂದು ಮುಚ್ಚಿಟ್ಟರೆ ಮಗ ಹೋಗುತ್ತಾನೆ, ಅವನ ಜೊತೆ ಯಾರದೋ ಮನೆಯವರೂ ಹೋಗುತ್ತಾರೆ.

ಮಕ್ಕಳೇ, ನಿಮಗೂ ಒಂದು ಮಾತು. ಕೊಲ್ಲು ಎಂದು ಯಾರಾದರೂ ದೇವರ ಹೆಸರಲ್ಲಿ ಹೇಳಿದರೆ, ಅವನ ಮಗ ಎಲ್ಲಿದ್ದಾನೆ ಎಂದು ಕೇಳಿ. ನಮ್ಮ ಅಕ್ಕನಿಗೆ ಇವತ್ತಿನವರೆಗೂ ಅದಕ್ಕೆ ಉತ್ತರ ಬಂದಿಲ್ಲ.